ನರಗಳ ಕಾಯಿಲೆಗೆ ಔಷಧವಿದೆ, ಮನದ ಅಳಲಿಗೆ ಯಾರಿದ್ದಾರೆ?

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಸಮಾಜವು ಈ ಹಕ್ಕನ್ನು ಮರೆತಿಲ್ಲ. ಯಾರದಾದರೂ ಕಾಲು ಮುರಿದರೆ, ಹೃದಯದ ಶಸ್ತ್ರಚಿಕಿತ್ಸೆಯಾದರೆ, ಇಡೀ ಮೊಹಲ್ಲಾ ಮನೆ ಬಾಗಿಲಿಗೆ ಬರುತ್ತದೆ. ಹಣ್ಣು ಬರುತ್ತದೆ, ಗಂಜಿ ಬರುತ್ತದೆ, ದುಆ ಬರುತ್ತದೆ. ಆದರೆ ಒಂದು ತಿಂಗಳಲ್ಲಿ ಮುಗಿಯದ, ಮೂವತ್ತು ವರ್ಷ ಜೊತೆಗೇ ಇರುವ, ಒಮ್ಮೆ ಕಾಣಿಸಿಕೊಂಡು ಇನ್ನೊಮ್ಮೆ ಮರೆಯಾಗುವ ಕಾಯಿಲೆಯೊಂದು ಬಂದರೆ ನಾವು ಏನು ಮಾಡುತ್ತೇವೆ? ಮೊದಲ ತಿಂಗಳು ಭೇಟಿ ಕೊಡುತ್ತೇವೆ. ಎರಡನೆಯ ತಿಂಗಳು ಫೋನಿನಲ್ಲಿ ವಿಚಾರಿಸುತ್ತೇವೆ. ಮೂರನೆಯ ತಿಂಗಳು, ಈಗ ಚೆನ್ನಾಗಿಯೇ ಕಾಣುತ್ತಾಳಲ್ಲ, ಇನ್ನೇನು ಎಂದು ಮಾತನಾಡಿಕೊಳ್ಳುತ್ತೇವೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬುದು ಅಂತಹ ಒಂದು ಕಾಯಿಲೆ. ಅದನ್ನು ಹೊತ್ತವರ ಮನಸ್ಸಿನ ಪಾಡನ್ನು ಕುರಿತು ನಮ್ಮ ಕುಟುಂಬಗಳು ಯೋಚಿಸಬೇಕಾಗಿದೆ.

ದೇಹವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ದಾರಿ ತಪ್ಪಿ ತನ್ನದೇ ನರಗಳ ಮೇಲೆ ದಾಳಿ ಮಾಡುವುದು ಈ ಕಾಯಿಲೆಯ ಸ್ವರೂಪ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇದೆ. ದಾಳಿಯಾದ ಕಡೆಯಲ್ಲಿ ಈ ಹೊದಿಕೆ ಸವೆಯುತ್ತದೆ. ಆಗ ಮೆದುಳಿನ ಸಂದೇಶಗಳು ನಿಧಾನವಾಗುತ್ತವೆ, ಇಲ್ಲವೇ ನಡುದಾರಿಯಲ್ಲೇ ನಿಲ್ಲುತ್ತವೆ. ಯಾವ ಜಾಗದಲ್ಲಿ ಸವೆತವಾಗಿದೆ ಎಂಬುದರ ಮೇಲೆ ಲಕ್ಷಣಗಳು ನಿಂತಿವೆ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ, ಒಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ನಡೆಯುವಾಗ ತೂಕ ತಪ್ಪುತ್ತದೆ, ಇನ್ನೊಬ್ಬರಿಗೆ ಮೂತ್ರದ ಮೇಲಿನ ಹಿಡಿತ ಹೋಗುತ್ತದೆ. ಹೆಚ್ಚಿನವರಲ್ಲಿ ಆರಂಭದ ವರ್ಷಗಳಲ್ಲಿ ಇವು ಬಂದು, ಕೆಲವು ವಾರಗಳಲ್ಲಿ ಇಳಿದು, ತಿಂಗಳುಗಳು ಅಥವಾ ವರ್ಷಗಳ ನಂತರ ಮರುಕಳಿಸುತ್ತವೆ. ಕೆಲವರಲ್ಲಿ ಮುಂದೆ ದೌರ್ಬಲ್ಯವು ನಿಧಾನವಾಗಿ ನೆಲೆಯೂರುತ್ತದೆ. ಇದು ಅಂಟುರೋಗವಲ್ಲ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೋ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ವಿವರಿಸಿದರು. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದರೆ ಮರುಕಳಿಕೆಯನ್ನು ಕಡಿಮೆ ಮಾಡುವ ಔಷಧಗಳು 1993ರಿಂದೀಚೆಗೆ ಒಂದರ ಹಿಂದೊಂದು ಬಂದಿವೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವುಗಳಲ್ಲಿ ಮೂರನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಿಟುಕ್ಸಿಮ್ಯಾಬ್ ಅವುಗಳಲ್ಲೊಂದು.

ಇದು ಶೀತ ದೇಶದ ಬಿಳಿಯರ ಕಾಯಿಲೆ, ನಮ್ಮ ಕಡೆಗೆ ಬರುವುದಿಲ್ಲ ಎಂಬ ಭಾವನೆ ಬಹುಕಾಲ ಇತ್ತು. ನಮ್ಮಲ್ಲಿ ಅದರ ಪ್ರಮಾಣ ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂಬುದು ನಿಜವಲ್ಲ. ಮಂಗಳೂರು ನಗರದಲ್ಲಿ ವೈದ್ಯರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿ ಎಂ.ಎಸ್. ಪೀಡಿತರು ಕಂಡುಬಂದರು. 2011ರ ಜನಗಣತಿಯಂತೆ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿದೆ. ಮಂಗಳೂರಿನ ಪ್ರಮಾಣವನ್ನೇ ಇಲ್ಲಿಗೂ ಅನ್ವಯಿಸಿ ಲೆಕ್ಕ ಹಾಕಿದರೆ ಈ ಒಂದು ನಗರದಲ್ಲೇ ಮೂವತ್ತಕ್ಕೂ ಹೆಚ್ಚು ಮಂದಿ ಇರಬೇಕು. ಸಿರುಗುಪ್ಪ, ಕುರುಗೋಡು ಮತ್ತು ಸುತ್ತಲಿನ ಹಳ್ಳಿಗಳದ್ದು ಬೇರೆ. ಇದು ಅಂದಾಜಿನ ಲೆಕ್ಕ ಮಾತ್ರ. ಆದರೂ ಅದು ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಇಷ್ಟು ಜನ ಇದ್ದರೂ ನಮ್ಮ ಕಣ್ಣಿಗೆ ಅವರೇಕೆ ಬೀಳುತ್ತಿಲ್ಲ? ಕೆಲವರಿಗೆ ತಮ್ಮ ಕಾಯಿಲೆಯ ಹೆಸರೇ ತಿಳಿದಿರಲಾರದು. ತಿಳಿದ ಕೆಲವರು ಅದನ್ನು ಬಚ್ಚಿಟ್ಟು ಬದುಕುತ್ತಿರಬಹುದು.

ಬಚ್ಚಿಡಲು ಕಾರಣವಿದೆ. ಎಂ.ಎಸ್. ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಪುರುಷರಿಗಿಂತ ಸ್ತ್ರೀಯರಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚು. ಅಂದರೆ ಓದು ಮುಗಿಸಿ ದುಡಿಮೆಗೆ ನಿಲ್ಲುವ, ನಿಕಾಹ್ ಆಗುವ, ಮಕ್ಕಳನ್ನು ಹೆರುವ ಕಾಲಕ್ಕೆ ಸರಿಯಾಗಿ ಅದು ಬಂದು ನಿಲ್ಲುತ್ತದೆ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಕೂಲಿ ಬೆರಳುಗಳ ವೇಗದ ಮೇಲೆ ನಿಂತಿದೆ. ಒಂದು ಬೆಳಿಗ್ಗೆ ಬೆರಳುಗಳಿಗೆ ಬಟ್ಟೆಯ ಸ್ಪರ್ಶವೇ ತಿಳಿಯುವುದಿಲ್ಲ. ಆರು ವಾರದಲ್ಲಿ ಅದು ಸರಿಹೋಗುತ್ತದೆ. ಅವನ ದೇಹ ಚೇತರಿಸಿಕೊಂಡಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಅವನಿಗೆ ಮಾತ್ರ ಪ್ರತಿ ಬೆಳಿಗ್ಗೆ ಬೆರಳನ್ನು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಉಳಿದುಬಿಡುತ್ತದೆ. ಇಂದು ಸರಿಯಿದೆ, ನಾಳೆ? ಮದುವೆಯ ಮಾತು ಬಂದರೆ ಏನು ಹೇಳುವುದು? ಸಾಲ ತೆಗೆದುಕೊಳ್ಳಲೇ, ಬೇಡವೇ? ಈ ಅನಿಶ್ಚಿತತೆಯೇ ಎಂ.ಎಸ್. ಪೀಡಿತರ ಮನಸ್ಸಿನ ಮೇಲಿನ ಅತಿ ದೊಡ್ಡ ಭಾರ. ಕಳೆದುಕೊಂಡದ್ದಕ್ಕೆ ಮನುಷ್ಯ ಕ್ರಮೇಣ ಹೊಂದಿಕೊಳ್ಳುತ್ತಾನೆ. ಏನನ್ನು, ಯಾವಾಗ, ಎಷ್ಟು ಕಳೆದುಕೊಳ್ಳುತ್ತೇನೆಂದು ತಿಳಿಯದ ಸ್ಥಿತಿಗೆ ಹೊಂದಿಕೊಳ್ಳುವುದು ಹೆಚ್ಚು ಕಷ್ಟ.

ಈ ಕಾಯಿಲೆಗೆ ಹೆಸರಿಡುವ ಮೊದಲೇ ಒಬ್ಬರು ಇದರ ದಿನಚರಿಯನ್ನು ಬರೆದಿಟ್ಟಿದ್ದಾರೆ. ಅವರು ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗ ಅಗಸ್ಟಸ್ ಡೆಸ್ಟೆ. 1822ರಲ್ಲಿ ಆಪ್ತ ಬಂಧುವೊಬ್ಬರ ಅಂತ್ಯಸಂಸ್ಕಾರದಲ್ಲಿ ಅಳುವನ್ನು ತಡೆದುಕೊಂಡ ಅವರಿಗೆ, ಅದಾದ ಸ್ವಲ್ಪದರಲ್ಲೇ ಕಣ್ಣು ಮಂಜಾಯಿತು. ಆ ದೃಷ್ಟಿ ಮರಳಿತು, ಮತ್ತೆ ಹೋಯಿತು. ಮುಂದೆ ಕಾಲುಗಳು ಸೋತವು. ಎರಡು ದಶಕಗಳಿಗೂ ಹೆಚ್ಚು ಕಾಲ ಅವರು ತಮ್ಮ ದೇಹದ ಏರಿಳಿತಗಳನ್ನೂ, ಹುಡುಕಿಕೊಂಡು ಹೋದ ಚಿಕಿತ್ಸೆಗಳನ್ನೂ, ಪ್ರತಿ ಸಲ ಚಿಗುರಿ ಮತ್ತೆ ಬಾಡಿದ ಆಸೆಗಳನ್ನೂ ಬರೆಯುತ್ತಾ ಹೋದರು. 1848ರಲ್ಲಿ ತೀರಿಕೊಂಡರು. ಅಳುವನ್ನು ತಡೆದದ್ದರಿಂದ ಕಾಯಿಲೆ ಬಂತೆಂದು ಯಾರೂ ಭಾವಿಸಬೇಕಿಲ್ಲ, ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಆದರೆ ರಾಜವಂಶದಲ್ಲಿ ಹುಟ್ಟಿದವನಿಗೂ ಅಂದಿನ ವೈದ್ಯರಿಗೆ ಹೇಳಿ ಮುಗಿಯದಷ್ಟು ಮಾತು ಒಳಗಿತ್ತು, ಅದಕ್ಕೆ ಕಾಗದವೇ ಕಿವಿಯಾಯಿತು ಎಂಬುದು ಗಮನಾರ್ಹ.

ನಮ್ಮ ಮನೆಗಳಲ್ಲಿ ಆ ಮಾತಿಗೆ ಕಿವಿ ಇದೆಯೇ? ರೋಗಿಯು ಬಾಯಿ ತೆರೆದ ಕೂಡಲೇ ನಾವು ಹೇಳುವ ಮೊದಲ ಮಾತು, ಸಬ್ರ್ ಮಾಡು ಎಂದು. ಸಬ್ರ್ ಒಂದು ಮಹಾಗುಣ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದನ್ನು ನಾವು ಯಾವ ಉದ್ದೇಶಕ್ಕೆ ಬಳಸುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಎದುರಿಗಿರುವವರ ಅಳಲನ್ನು ಕೇಳುವ ತೊಂದರೆಯಿಂದ ಪಾರಾಗಲು ಆ ಪದವನ್ನು ಬಳಸಿದರೆ ಅದು ಉಪದೇಶವಾಗದು, ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಪ್ರವಾದಿ ಯಾಕೂಬ್(ಅ)ರ ವೃತ್ತಾಂತವನ್ನು ನೆನಪಿಸಿಕೊಳ್ಳಿ. ಮಗ ಯೂಸುಫ್‌(ಅ)ರನ್ನು ಕಳೆದುಕೊಂಡಾಗ ಅವರು ಸುಂದರವಾದ ಸಹನೆಯನ್ನು ತಮ್ಮದಾಗಿಸಿಕೊಂಡರು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅದೇ ಅಧ್ಯಾಯದಲ್ಲಿ, ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು ಎಂದೂ ತಿಳಿಸುತ್ತದೆ. ಸಹನೆಯ ಮಾದರಿಯಾದ ಒಬ್ಬ ಪ್ರವಾದಿಯೇ ಕಣ್ಣು ಮಂಜಾಗುವಷ್ಟು ಅತ್ತರು. ದೀರ್ಘ ರೋಗವನ್ನು ಅನುಭವಿಸಿದ ಪ್ರವಾದಿ ಅಯ್ಯೂಬ್(ಅ)ರು ತಮಗೆ ಸಂಕಟ ತಟ್ಟಿದೆಯೆಂದು ತಮ್ಮ ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಅಲ್ಲಾಹನು ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದನು. ಹೀಗಿರುವಾಗ ಎಂ.ಎಸ್. ಪೀಡಿತಳಾದ ಸಹೋದರಿಯೊಬ್ಬಳು ತನ್ನ ಭಯವನ್ನು ಹೇಳಿಕೊಂಡು ಅತ್ತರೆ ಅದು ಈಮಾನಿನ ದೌರ್ಬಲ್ಯವೆಂದು ತೀರ್ಪು ನೀಡುವ ಅಧಿಕಾರ ನಮಗೆಲ್ಲಿಂದ ಬಂತು?

ಈ ತೀರ್ಪು ಅನ್ಯಾಯವಾದುದು ಎನ್ನಲು ವೈದ್ಯಕೀಯ ಕಾರಣವೂ ಇದೆ. ಎಂ.ಎಸ್. ಪೀಡಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬದುಕಿನ ಯಾವುದಾದರೂ ಘಟ್ಟದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಕಾಯಿಲೆಯ ಚಿಂತೆಯೊಂದೇ ಇದಕ್ಕೆ ಕಾರಣವಲ್ಲ. ಕಾಲನ್ನು ದುರ್ಬಲಗೊಳಿಸಿದ ಅದೇ ಉರಿಯೂತವು ಮೆದುಳಿನಲ್ಲಿ ಮನಃಸ್ಥಿತಿಯನ್ನು ನಿಭಾಯಿಸುವ ಭಾಗಗಳನ್ನೂ ತಟ್ಟಬಹುದು. ಅಂದರೆ ಇಲ್ಲಿ ಖಿನ್ನತೆಯು ಕಾಯಿಲೆಗೆ ಮನಸ್ಸು ತೋರುವ ಪ್ರತಿಕ್ರಿಯೆಯೂ ಹೌದು, ಕಾಯಿಲೆಯ ಒಂದು ಲಕ್ಷಣವೂ ಹೌದು. ಕೆಲವರಲ್ಲಿ ಇನ್ನೊಂದು ವಿಚಿತ್ರ ಲಕ್ಷಣ ಕಾಣುತ್ತದೆ. ದುಃಖವಿಲ್ಲದೆ ಅಳು ಉಕ್ಕುತ್ತದೆ, ಸಂತೋಷವಿಲ್ಲದೆ ನಗು ಬರುತ್ತದೆ, ತಡೆಯಲು ಆಗುವುದಿಲ್ಲ. ಭಾವನೆಯ ಪ್ರಕಟಣೆಯನ್ನು ಹತೋಟಿಯಲ್ಲಿಡುವ ನರಮಾರ್ಗಗಳು ಕೆಟ್ಟದ್ದರ ಫಲ ಅದು. ಅದಕ್ಕೆ ಚಿಕಿತ್ಸೆ ಇದೆ. ಇದನ್ನು ಅರಿಯದ ಮನೆಯವರು ಯಾರದೋ ದೃಷ್ಟಿ ತಗುಲಿದೆ, ಜಿನ್ನ್ ಹಿಡಿದಿದೆ ಎಂದು ಊರೂರು ಅಲೆದರೆ ಹಣ ಹೋಗುತ್ತದೆ, ಅಮೂಲ್ಯ ತಿಂಗಳುಗಳು ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಮನಸ್ಸಿನ ಮೇಲೆ ರೋಗಿಗಿದ್ದ ನಂಬಿಕೆಯೇ ಹೋಗುತ್ತದೆ. ದುಆ ಮಾಡಿ, ಕುರ್‌ಆನ್ ಓದಿ. ಯಾರು ಬೇಡವೆಂದರು? ಆದರೆ ಔಷಧ ಮಾಡಿರೆಂದು ಸಮುದಾಯಕ್ಕೆ ಆದೇಶಿಸಿದವರೂ ಅದೇ ಪ್ರವಾದಿವರ್ಯರು(ಸ). ನರರೋಗ ತಜ್ಞರಿಂದ ಸರಿಯಾದ ನಿರ್ಣಯ ಆಗಲೇಬೇಕು. ಎಂ.ಎಸ್.ನಂತೆಯೇ ಕಾಣುವ ಎನ್.ಎಂ.ಓ. ಎಂಬ ಬೇರೊಂದು ಕಾಯಿಲೆ ನಮ್ಮ ನಾಡಿನಲ್ಲಿದೆ. ಎಂ.ಎಸ್.ಗೆ ಕೊಡುವ ಕೆಲವು ಔಷಧಗಳು ಅದನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದ ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರು ಕೇಳಿ ತೆಗೆದುಕೊಳ್ಳುವುದು ಅಪಾಯಕಾರಿ.

ಹೊರಗೆ ಕಾಣದ ಲಕ್ಷಣಗಳಲ್ಲಿ ಅತ್ಯಂತ ಸಾಮಾನ್ಯವಾದುದು ದಣಿವು. ದುಡಿದು ಬಂದವರ ದಣಿವಿನಂತಲ್ಲ ಇದು. ರಾತ್ರಿಯಿಡೀ ಮಲಗಿ ಎದ್ದರೂ ಮೈಮೇಲೆ ಒದ್ದೆ ಗೋಣಿ ಹೊದಿಸಿದಂತೆ ಭಾರವಾಗಿರುತ್ತದೆ. ಸೊಸೆಯೊಬ್ಬಳು ಬೆಳಿಗ್ಗೆ ರೊಟ್ಟಿ ಬಡಿದು ಮಧ್ಯಾಹ್ನದ ಹೊತ್ತಿಗೆ ಮಲಗಿದರೆ ಸೋಮಾರಿತನವೆಂಬ ಮಾತು ಕಿವಿಗೆ ಬೀಳುತ್ತದೆ. ನಿನ್ನೆ ಮದುವೆಗೆ ಹೋಗಲು ಶಕ್ತಿಯಿತ್ತು, ಇಂದು ಪಾತ್ರೆ ತೊಳೆಯಲು ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೌದು, ನಿನ್ನೆ ಇತ್ತು, ಇಂದು ಇಲ್ಲ. ಈ ಕಾಯಿಲೆಯ ಸತ್ಯವೇ ಅದು. ದೇಹದ ಶಕ್ತಿಯನ್ನು ತಿಂಗಳ ಸಂಬಳದಂತೆ ಲೆಕ್ಕ ಹಾಕಿ ಖರ್ಚು ಮಾಡುವುದನ್ನು ರೋಗಿಯು ಕಲಿಯಬೇಕಾಗುತ್ತದೆ. ಮುಖ್ಯ ಕೆಲಸಗಳು ಬೆಳಗಿನ ತಂಪಿನಲ್ಲಿ, ಕುಳಿತು ಮಾಡಬಹುದಾದುದು ಕುಳಿತೇ, ನಡುವೆ ಕಡ್ಡಾಯ ವಿಶ್ರಾಂತಿ. ಆದರೆ ಮನೆಯವರು ಒಪ್ಪದಿದ್ದರೆ ಯಾವ ಲೆಕ್ಕಾಚಾರವೂ ನಡೆಯದು. ಕಾಯಿಲೆಯ ಜೊತೆಗೆ, ತಾನು ನಟಿಸುತ್ತಿಲ್ಲವೆಂದು ದಿನವೂ ಸಾಬೀತುಪಡಿಸುವ ಕೆಲಸವನ್ನೂ ರೋಗಿಯ ಹೆಗಲಿಗೆ ಹೇರುವುದು ದೊಡ್ಡ ಕ್ರೌರ್ಯ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದಿದೆ, ಅದು ಬಿಸಿಲು. ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ದಾಟುವುದು ಎಲ್ಲರಿಗೂ ತಿಳಿದದ್ದೇ. ಮೈಲಿನ್ ಸವೆದ ನರಗಳು ದೇಹದ ಬಿಸಿ ಸ್ವಲ್ಪ ಏರಿದರೂ ಸಂದೇಶ ಸಾಗಿಸಲು ಸೋಲುತ್ತವೆ. ಜರ್ಮನಿಯ ನೇತ್ರವೈದ್ಯ ಊಟಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ಬಿಸಿಲಲ್ಲಿ ನಡೆದರೆ, ಬಿಸಿನೀರಿನ ಸ್ನಾನ ಮಾಡಿದರೆ, ಒಲೆಯ ಮುಂದೆ ಬಹಳ ಹೊತ್ತು ನಿಂತರೆ ಕಣ್ಣು ಮಂಜಾಗಬಹುದು, ಕಾಲು ಕುಸಿಯಬಹುದು. ಇದನ್ನು ತಿಳಿಯದವರು ಕಾಯಿಲೆ ಮರುಕಳಿಸಿತೆಂದು ಹೌಹಾರುತ್ತಾರೆ. ವಾಸ್ತವದಲ್ಲಿ ಇಲ್ಲಿ ಹೊಸ ಹಾನಿಯಾಗಿರುವುದಿಲ್ಲ. ಮೈ ತಂಪಾದರೆ ಶಕ್ತಿ ಮರಳುತ್ತದೆ. ತಂಪಿಗೆ ಇಳಿಯದೆ ಒಂದು ದಿನಕ್ಕಿಂತ ಹೆಚ್ಚು ಕಾಲ ಉಳಿದರೆ ವೈದ್ಯರನ್ನು ಕಾಣಬೇಕು. ಈ ಒಂದು ತಿಳಿವಳಿಕೆಯಿಂದ ಎಷ್ಟೋ ರಾತ್ರಿಗಳ ಭಯ ದೂರವಾಗುತ್ತದೆ. ಒದ್ದೆ ಟವೆಲ್, ಮಡಕೆಯ ನೀರು, ನೆರಳಿನ ಕೋಣೆ, ಫ್ಯಾನು ಇವು ಇಲ್ಲಿ ಚಿಕಿತ್ಸೆಯ ಭಾಗವೇ ಆಗುತ್ತವೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲೋ ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲೋ ಕೂಲಿ ಮಾಡುವವರಿಗೆ ಇದು ಸುಲಭವಲ್ಲ ಎಂಬುದು ನಮಗೆ ಗೊತ್ತು. ಆದ್ದರಿಂದಲೇ ಕೆಲಸದ ವೇಳೆಯನ್ನು ಬದಲಿಸಿಕೊಳ್ಳಲು, ನೆರಳಿನ ಕೆಲಸವನ್ನು ಹುಡುಕಿಕೊಡಲು ಸುತ್ತಲಿನವರು ಮುಂದಾಗಬೇಕು.

ಬಿಸಿಲಿನ ಮಾತು ಬಂದಾಗ ಉಪವಾಸದ ಮಾತೂ ಬರುತ್ತದೆ. ರೋಗಿಯು ಉಪವಾಸವನ್ನು ಮುಂದಕ್ಕೆ ಹಾಕಬಹುದೆಂಬ ರಿಯಾಯಿತಿಯನ್ನು ಉಪವಾಸವನ್ನು ಕಡ್ಡಾಯಗೊಳಿಸಿದ ಸೂಕ್ತಗಳಲ್ಲೇ ಅಲ್ಲಾಹನು ನೀಡಿದ್ದಾನೆ, ತಾನು ನಿಮಗೆ ಸೌಲಭ್ಯವನ್ನು ಬಯಸುತ್ತೇನೆಯೇ ಹೊರತು ಕಷ್ಟವನ್ನಲ್ಲ ಎಂಬ ಆಶಯವನ್ನೂ ಅಲ್ಲೇ ತಿಳಿಸಿದ್ದಾನೆ. ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯವರು ಬಡವರಿಗೆ ಉಣಿಸುವ ಮೂಲಕ ಫಿದ್ಯಾ ನೀಡುವ ವಿಧಾನವನ್ನು ವಿದ್ವಾಂಸರು ವಿವರಿಸಿದ್ದಾರೆ. ಎಂ.ಎಸ್. ಇರುವ ಎಲ್ಲರ ಸ್ಥಿತಿಯೂ ಒಂದೇ ಅಲ್ಲ. ಯಾರು ಉಪವಾಸ ಹಿಡಿಯಬಹುದು, ಯಾರು ಹಿಡಿಯಬಾರದು ಎಂಬುದನ್ನು ವೈದ್ಯರನ್ನೂ ಆಲಿಮರನ್ನೂ ಕೇಳಿ ತೀರ್ಮಾನಿಸಬೇಕು. ತೀರ್ಮಾನವಾದ ಮೇಲೆ ಆ ವ್ಯಕ್ತಿಯನ್ನು ಅಪರಾಧಿಯಂತೆ ಕಾಣುವ ನೋಟ ನಿಲ್ಲಬೇಕು. ಹೊರಗೆ ಆರೋಗ್ಯವಂತೆಯಂತೆ ಕಾಣುವ ಹೆಣ್ಣುಮಗಳು ರಮಝಾನಿನ ಮಧ್ಯಾಹ್ನ ಮಾತ್ರೆಗಾಗಿ ನೀರು ಕುಡಿಯಲು ಅಡುಗೆಮನೆಯ ಬಾಗಿಲು ಮುಚ್ಚಬೇಕಾಗಿ ಬಂದರೆ ಆ ನಾಚಿಕೆಯನ್ನು ಹೊರಿಸಿದ್ದು ಧರ್ಮವಲ್ಲ, ನಾವು. ನಮಾಝಿನಲ್ಲೂ ಹಾಗೆಯೇ. ರೋಗಪೀಡಿತರಾಗಿದ್ದ ಸಹಾಬಿ ಇಮ್ರಾನ್ ಬಿನ್ ಹುಸೈನ್(ರ) ಕೇಳಿದಾಗ, ನಿಂತು ನಮಾಝ್ ಮಾಡಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಪ್ರವಾದಿವರ್ಯರು(ಸ) ತಿಳಿಸಿದರು. ಕಳೆದ ಶುಕ್ರವಾರ ನಿಂತಿದ್ದವನು ಈ ಶುಕ್ರವಾರ ಕುರ್ಚಿಯಲ್ಲಿ ಕುಳಿತರೆ ಪಕ್ಕದವರು ತಿರುಗಿ ನೋಡದಿರುವುದೇ ಅವನಿಗೆ ಮಾಡುವ ಉಪಕಾರ.

ಮನಸ್ಸಿಗೆ ಅತಿ ಆಳವಾದ ಗಾಯ ಮಾಡುವುದು ವಿವಾಹದ ವಿಷಯ. ಹೆಣ್ಣಿಗೆ ಕಾಯಿಲೆಯೆಂದು ತಿಳಿದರೆ ಸಂಬಂಧ ಮುರಿದೀತೆಂದು ಮುಚ್ಚಿಟ್ಟು ನಿಕಾಹ್ ಮಾಡುವುದೂ ಇದೆ, ಮದುವೆಯ ನಂತರ ಕಾಯಿಲೆ ಕಂಡರೆ ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದೂ ಇದೆ. ಎರಡೂ ತಪ್ಪು. ಮುಚ್ಚಿಟ್ಟವಳು ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಮಾತ್ರೆಯನ್ನೇ ಬಿಡುತ್ತಾಳೆ. ಕೈಬಿಟ್ಟವರಿಗೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಕಾಯಿಲೆ ನಿಮ್ಮ ಮಗನಿಗೆ ಬಂದಿದ್ದರೆ ಸೊಸೆಯಿಂದ ಏನನ್ನು ನಿರೀಕ್ಷಿಸುತ್ತಿದ್ದಿರಿ? ಸತ್ಯಾಂಶಗಳನ್ನು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಎಂ.ಎಸ್. ಇರುವ ಸ್ತ್ರೀಯರು ತಾಯಂದಿರಾಗಬಹುದು. ಗರ್ಭಧಾರಣೆಯ ಕೊನೆಯ ತಿಂಗಳುಗಳಲ್ಲಿ ಮರುಕಳಿಕೆ ಕಡಿಮೆಯಾಗುತ್ತದೆ, ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಅದು ಹೆಚ್ಚಬಹುದು ಎಂದು 1998ರಲ್ಲಿ ಪ್ರಕಟವಾದ ಯೂರೋಪಿನ ದೊಡ್ಡ ಅಧ್ಯಯನವು ತೋರಿಸಿತು. ಕೆಲವು ಔಷಧಗಳನ್ನು ಗರ್ಭಧಾರಣೆಗೆ ಮೊದಲೇ ನಿಲ್ಲಿಸಬೇಕಾಗುವುದರಿಂದ ವೈದ್ಯರೊಡನೆ ಮುಂಚಿತವಾಗಿ ಮಾತನಾಡಬೇಕು. ತಾಯಿ ಅಥವಾ ತಂದೆಗೆ ಎಂ.ಎಸ್. ಇದ್ದರೆ ಮಗುವಿಗೆ ಅಪಾಯ ತುಸು ಹೆಚ್ಚು. ಆದರೆ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ.

ಇಷ್ಟನ್ನೆಲ್ಲ ಓದಿದವರು, ಇದಕ್ಕೆ ಮನೋವೈದ್ಯರು ಬೇಕು, ನಮ್ಮಂತಹ ಊರಿನಲ್ಲಿ ಅದೆಲ್ಲಿ ಸಾಧ್ಯ ಎನ್ನಬಹುದು. ಈ ಪ್ರಶ್ನೆಗೆ ಉತ್ತರ ನೀಡುವ ಅರ್ಹತೆ ದೇಶದಲ್ಲೇ ಯಾವುದಾದರೂ ಜಿಲ್ಲೆಗೆ ಇದ್ದರೆ ಅದು ಬಳ್ಳಾರಿಗೆ ಇದೆ. ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ರೂಪುಗೊಂಡಿತು. ದೊಡ್ಡ ನಗರಗಳ ಆಸ್ಪತ್ರೆಗಳನ್ನು ನಂಬಿ ಕೂತರೆ ಹಳ್ಳಿಗಳ ಜನರಿಗೆ ಸೇವೆ ಸಿಗದೆಂದು ಅರಿತ ನಿಮ್ಹಾನ್ಸ್ ಸಂಸ್ಥೆಯು ಜಿಲ್ಲೆಯೊಂದನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ಆ ಜಿಲ್ಲೆ ಬಳ್ಳಾರಿ. 1985ರಿಂದ 1990ರವರೆಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಹಳ್ಳಿ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಮನೋರೋಗಗಳನ್ನೂ ಮೂರ್ಛೆರೋಗವನ್ನೂ ಗುರುತಿಸಿ ಸ್ಥಳದಲ್ಲೇ ಚಿಕಿತ್ಸೆ ಕೊಡುವ ವ್ಯವಸ್ಥೆಯನ್ನು ಕಟ್ಟಲಾಯಿತು. ಅದು ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಮಾದರಿಯೇ ಅಡಿಪಾಯ. ಮನಸ್ಸಿನ ಕಾಯಿಲೆಯನ್ನು ಊರಿನ ದವಾಖಾನೆಯಲ್ಲೇ ನೋಡಬಹುದು ಎಂದು ಇಡೀ ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆಯವರೇ ಮನೋವೈದ್ಯರ ಬಳಿಗೆ ಹೋಗಲು ನಾಚುವುದು ವಿಪರ್ಯಾಸ.

ಮುಸ್ಲಿಮರಿಗಂತೂ ನಾಚಿಕೆಗೆ ಇನ್ನೂ ಕಡಿಮೆ ಕಾರಣವಿದೆ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಆತ್ಮಗಳ ಯೋಗಕ್ಷೇಮವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ದೇಹವು ಕಾಯಿಲೆ ಬಿದ್ದರೆ ಮನಸ್ಸು ನರಳುತ್ತದೆ, ಮನಸ್ಸು ಕೆಟ್ಟರೆ ದೇಹವೂ ಸುಖವನ್ನು ಕಳೆದುಕೊಳ್ಳುತ್ತದೆ ಎಂದು ಅವರು ವಾದಿಸಿದರು. ಭಯ, ಕೋಪ, ದುಃಖ, ಮತ್ತೆ ಮತ್ತೆ ಕಾಡುವ ಯೋಚನೆಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಪರಿಹಾರವನ್ನು ಸೂಚಿಸಿದರು. ಆಪತ್ತಿಗೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕೆಂಬುದು ಅವರ ಸಲಹೆಗಳಲ್ಲೊಂದು. ಆಲೋಚನೆಯ ದಾರಿಯನ್ನು ತಿದ್ದಿ ಖಿನ್ನತೆಯನ್ನು ಇಳಿಸುವ ಇಂದಿನ ಆಪ್ತಸಮಾಲೋಚನಾ ಪದ್ಧತಿಗೂ ಇದಕ್ಕೂ ಹೋಲಿಕೆಯಿದೆ. ಎಂ.ಎಸ್. ಪೀಡಿತರ ಖಿನ್ನತೆಗೆ ಈ ಪದ್ಧತಿಯು ಪ್ರಯೋಜನಕಾರಿ ಎಂದು ಅಧ್ಯಯನಗಳು ತೋರಿಸಿವೆ. ನನ್ನ ಬದುಕು ಮುಗಿಯಿತು ಎಂಬ ಯೋಚನೆಯನ್ನು ಹಿಡಿದು, ಅದರಲ್ಲಿ ಎಷ್ಟು ನಿಜ, ಎಷ್ಟು ಭಯ ಎಂದು ಸಮಾಲೋಚಕರೊಡನೆ ಕುಳಿತು ಬಿಡಿಸಿ ನೋಡುವುದು ಇದರ ಸಾರ. ಮುಗಿದದ್ದು ಏನು? ಓಡುವುದು ಮುಗಿದಿರಬಹುದು. ಮಗುವಿಗೆ ಪಾಠ ಹೇಳುವುದು, ಲೆಕ್ಕ ಬರೆಯುವುದು, ಸ್ನೇಹಿತರೊಡನೆ ನಗುವುದು ಮುಗಿದಿಲ್ಲ. ವಿಧಿಯನ್ನು ಒಪ್ಪಿಕೊಳ್ಳುವುದಕ್ಕೂ ಕೈಚೆಲ್ಲಿ ಕೂರುವುದಕ್ಕೂ ಇರುವ ಅಂತರ ಇಲ್ಲಿದೆ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡುವ ಪಾಠವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಮಾತ್ರೆ, ವ್ಯಾಯಾಮ, ಸಮಾಲೋಚನೆ ಇವೆಲ್ಲ ಆ ಒಂಟೆಯ ಹಗ್ಗವೇ.

ನೆರವಿನ ದಾರಿಗಳನ್ನು ನಮ್ಮ ಕುಟುಂಬಗಳು ತಿಳಿದಿರಬೇಕು. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕೇಂದ್ರ ಸರ್ಕಾರವು ಇದನ್ನು 2022ರಲ್ಲಿ ಆರಂಭಿಸಿತು. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ, ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಸಿರುಗುಪ್ಪದವರು ಅಲ್ಲಿಗೆ ಸುಮಾರು 55 ಕಿಲೋಮೀಟರ್ ಬರಬೇಕು, ಕುರುಗೋಡಿನವರಿಗೆ ದೂರ ಅದರ ಅರ್ಧದಷ್ಟು. ಬೆಂಗಳೂರಿನ ನಿಮ್ಹಾನ್ಸ್ 300 ಕಿಲೋಮೀಟರ್‌ಗೂ ಹೆಚ್ಚು ದೂರ. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆಯು ರೋಗಿಗಳನ್ನೂ ಕುಟುಂಬಗಳನ್ನೂ ಒಂದುಗೂಡಿಸುತ್ತದೆ. ಬೆಂಗಳೂರಿನಲ್ಲೂ ಅದರ ಶಾಖೆಯಿದೆ. ತನ್ನಂತೆಯೇ ಇನ್ನೊಬ್ಬರಿದ್ದಾರೆ ಎಂದು ತಿಳಿಯುವುದರಿಂದ ಸಿಗುವ ಸಾಂತ್ವನವನ್ನು ಆರೋಗ್ಯವಂತರ ಯಾವ ಉಪದೇಶವೂ ಕೊಡಲಾರದು.

ಕಾನೂನಿನ ರಕ್ಷಣೆಯೂ ಇದೆ. ಅಂಗವಿಕಲರ ಕುರಿತ 1995ರ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಪಟ್ಟಿಯನ್ನು 21 ವಿಧಗಳಿಗೆ ವಿಸ್ತರಿಸಿ ಅದರಲ್ಲಿ ಎಂ.ಎಸ್. ಅನ್ನು ಹೆಸರಿಸಿಯೇ ಸೇರಿಸಿತು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕವರಿಗೆ ಮೀಸಲಾತಿ ಮತ್ತಿತರ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆದರೆ ಏರಿಳಿಯುವ ಕಾಯಿಲೆಯನ್ನು ಒಂದೇ ದಿನದ ತಪಾಸಣೆಯಲ್ಲಿ ಅಳೆಯುವಾಗ ಕಷ್ಟವಿದೆ. ಒಳ್ಳೆಯ ದಿನದಂದು ತಪಾಸಣೆಗೆ ಹೋದವರು ನೆಟ್ಟಗೆ ನಡೆದುಬಿಡುತ್ತಾರೆ. ಆದ್ದರಿಂದ ಎಂ.ಆರ್.ಐ. ವರದಿ, ಪ್ರತಿ ಮರುಕಳಿಕೆಯ ದಿನಾಂಕ, ಚಿಕಿತ್ಸೆಯ ಚೀಟಿಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳುವುದು ಜಾಣತನ. ಕೆಟ್ಟ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸಮುದಾಯದ ಮುಖಂಡರು ಅಧಿಕಾರಿಗಳ ಗಮನಕ್ಕೆ ತರಬೇಕು.

ನಮ್ಮ ಜಮಾಅತ್‌ಗಳಿಂದ ನಾವು ಬಯಸುವುದು ಅಸಾಧ್ಯವಾದುದೇನಲ್ಲ. ಮಸೀದಿಯ ಪ್ರವೇಶದಲ್ಲಿ ಮೆಟ್ಟಿಲ ಜೊತೆಗೆ ಒಂದು ಇಳಿಜಾರು, ವುಝೂ ಮಾಡುವಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಫ್ಯಾನಿನ ಕೆಳಗೆ ಕೆಲವು ಕುರ್ಚಿಗಳು ಇರಲಿ. ಎಂ.ಆರ್.ಐ. ತಪಾಸಣೆಗೂ ದುಬಾರಿ ಚುಚ್ಚುಮದ್ದಿಗೂ ಝಕಾತ್‌ಗೆ ಅರ್ಹರಾದವರನ್ನು ಗುರುತಿಸಿ ಅವರು ಕೈಚಾಚುವ ಮೊದಲೇ ತಲುಪಿಸೋಣ. ಬೆಂಗಳೂರಿನ ಆಸ್ಪತ್ರೆಗೆ ಹೋಗುವವರಿಗೆ ಜೊತೆಗೊಬ್ಬರನ್ನು ಕಳುಹಿಸೋಣ. ಶುಕ್ರವಾರದ ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣದ ಕಾಯಿಲೆಗಳ ಬಗ್ಗೆ ಮಾತು ಬರಲಿ. ಮೇ 30ನ್ನು ಜಗತ್ತು ಎಂ.ಎಸ್. ದಿನವೆಂದು ಆಚರಿಸುತ್ತದೆ, ಅದರ ಹಿಂದಿನ ಶುಕ್ರವಾರ ಇದಕ್ಕೆ ತಕ್ಕ ದಿನ. ಸ್ತ್ರೀಯರ ಇಜ್ತಿಮಾಗಳಲ್ಲಿ ವೈದ್ಯೆಯೊಬ್ಬರನ್ನು ಕರೆಸಿ, ಪುರುಷರ ಮುಂದೆ ಕೇಳಲಾಗದ ಪ್ರಶ್ನೆಗಳಿಗೆ ಅವಕಾಶ ಮಾಡಿಕೊಡೋಣ.

ಕೊನೆಯದಾಗಿ, ಆರೈಕೆ ಮಾಡುವವರನ್ನು ಮರೆಯದಿರೋಣ. ರೋಗಿಯ ಪಕ್ಕದಲ್ಲಿ ಒಬ್ಬ ತಾಯಿಯೋ ಪತ್ನಿಯೋ ಪತಿಯೋ ಸಹೋದರಿಯೋ ಇರುತ್ತಾರೆ. ರಾತ್ರಿ ಶೌಚಾಲಯಕ್ಕೆ ಕೈಹಿಡಿದು ಕರೆದೊಯ್ಯುವವರು ಅವರೇ, ಔಷಧದ ಹಣ ಹೊಂದಿಸುವವರು ಅವರೇ, ರೋಗಿಯ ಸಿಟ್ಟನ್ನು ಮೊದಲು ಉಣ್ಣುವವರೂ ಅವರೇ. ಅವರು ಹೇಗಿದ್ದಾರೆಂದು ಯಾರೂ ಕೇಳುವುದಿಲ್ಲ. ವಾರಕ್ಕೆ ಒಂದು ಮಧ್ಯಾಹ್ನ ನೆಂಟರೊಬ್ಬರು ಬಂದು, ನೀವು ಹೊರಗೆ ಹೋಗಿ ಬನ್ನಿ, ನಾನು ಕೂತಿರುತ್ತೇನೆ ಎಂದರೆ ಅದಕ್ಕೆ ಹಣ ಬೇಕಿಲ್ಲ, ವಿದ್ವತ್ತು ಬೇಕಿಲ್ಲ. ಆ ಮೂರು ಗಂಟೆ ಇಬ್ಬರ ಮನಸ್ಸನ್ನೂ ಹಗುರಗೊಳಿಸುತ್ತದೆ.

ಯಾವ ಆತ್ಮದ ಮೇಲೂ ಅದರ ಸಾಮರ್ಥ್ಯಕ್ಕೆ ಮೀರಿದ ಹೊರೆಯನ್ನು ಅಲ್ಲಾಹನು ಹೊರಿಸುವುದಿಲ್ಲವೆಂದು ನಾವು ನಂಬಿದ್ದೇವೆ. ಹೊರೆ ಹೊತ್ತವರ ಪಕ್ಕದಲ್ಲಿ ಅವನು ನಮ್ಮನ್ನೂ ಇಟ್ಟಿದ್ದಾನೆ. ಬಳ್ಳಾರಿಯ ಯಾವುದೋ ಓಣಿಯಲ್ಲಿ, ಸಿರುಗುಪ್ಪದ ಯಾವುದೋ ಮನೆಯಲ್ಲಿ, ಕುರುಗೋಡಿನ ಯಾವುದೋ ಕೋಣೆಯಲ್ಲಿ ಈ ಕಾಯಿಲೆಯೊಂದಿಗೆ ಬದುಕುವುದನ್ನು ಕಲಿಯುತ್ತಿರುವವರು ಇದ್ದರೆ, ನಮ್ಮ ಮುಂದಿನ ಭೇಟಿಯಲ್ಲಿ ಉಪದೇಶವನ್ನು ಬದಿಗಿಟ್ಟು ಮೊದಲು ಅವರ ಮಾತನ್ನು ಪೂರ್ತಿ ಕೇಳೋಣ. ಮೂರನೆಯ ತಿಂಗಳಲ್ಲೂ ಹೋಗೋಣ, ಮೂರನೆಯ ವರ್ಷದಲ್ಲೂ ಹೋಗೋಣ. ಅಲ್ಲಾಹನು ಎಲ್ಲ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ನೆಮ್ಮದಿಯನ್ನು ದಯಪಾಲಿಸಲಿ, ಆಮೀನ್.